ಪೈನ್ ಮರದ ಕೂದಲು

ಮೆಟುಚೆನ್
ಭಾನುವಾರ, ಏಪ್ರಿಲ್ 9, 2000

ಪ್ರಕಾಶ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಪ್ರೀತಿ ಇಲ್ಲವೆಂದಲ್ಲ. ಆ ಪದ ಕಂಡರೆ ನೀನು ಕಾಗದ ಮಡಿಸಿ, ಆಮೇಲೆ ಓದೋಣವೆಂದು ಜೇಬಿಗೆ ಇಟ್ಟುಬಿಡುತ್ತೀಯ. ಇದನ್ನು ಆಮೇಲೆ ಓದುವ ಹಾಗಿಲ್ಲ. ಶುಕ್ರವಾರದೊಳಗೆ ನಿನ್ನ ಸಹಿ ಬೇಕು. ಶುಕ್ರವಾರ ಏಪ್ರಿಲ್ ಹದಿನಾಲ್ಕು. ಅದು ಯಾರು ಹುಟ್ಟಿದ ದಿನವೆಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮೈಸೂರಿನ ಹಾಸ್ಟೆಲ್ ಅಂಗಳದಲ್ಲಿ ಆ ದಿನ ನೀನು ತಮಟೆ ಬಡಿಯುವುದನ್ನು ನೋಡಿಯೇ ಅಲ್ಲವೆ ನಾನು ನಿನ್ನ ಹಿಂದೆ ಬಿದ್ದದ್ದು.

ಫೋನಿನಲ್ಲಿ ನಿನ್ನದು ಒಂದೇ ಮಾತು. “ವರದಿ ಬರ್ಲಿ ಮಾದೇವಿ. ವರದಿ ಬಂದ್ಮೇಲೆ ಎಲ್ಲಾದಕ್ಕೂ ಸೈನ್ ಹಾಕ್ತೀನಿ.”

ಏಳು ತಿಂಗಳಿಂದ ಅದನ್ನೇ ಕೇಳುತ್ತಿದ್ದೇನೆ. ಆ ಕೂದಲನ್ನು ಪರೀಕ್ಷಿಸುವ ಪ್ರೊಫೆಸರು ಮೊದಲು ಥ್ಯಾಂಕ್ಸ್‌ಗಿವಿಂಗ್ ಎಂದ, ಆಮೇಲೆ ಕ್ರಿಸ್‌ಮಸ್ ಎಂದ, ಈಗ ಈಸ್ಟರ್ ಎನ್ನುತ್ತಿದ್ದಾನೆ. ಈ ಹೊತ್ತಿನಲ್ಲೂ ನೀನು ಆ ಕಾಡುರಸ್ತೆಯ ಡೈನರ್ ಹೋಟೆಲಿನಲ್ಲಿ ಕೂತಿರುತ್ತೀಯ. ಎದುರಿಗೆ ವಾಲ್ಟ್, ಪಕ್ಕದಲ್ಲಿ ಹೆಜ್ಜೆಗುರುತಿನ ಆಲ್ಬಂ ಹಿಡಿದ ಜೋನ್. ಕುದುರೆ ಮುಖ, ಬಾವಲಿ ರೆಕ್ಕೆ, ಗೊರಸಿನ ಕಾಲು. ಇನ್ನೂರೈವತ್ತು ವರ್ಷದಿಂದ ಪೈನ್ ಕಾಡಿನಲ್ಲಿ ಎಲ್ಲರೂ ಕಂಡಿದ್ದೇವೆನ್ನುವ, ಒಬ್ಬರೂ ಹಿಡಿದು ತೋರಿಸದ ಜೆರ್ಸಿ ಡೆವಿಲ್. ವರದಿ ಬಂದ ದಿನ ಕತ್ತರಿಸಲೆಂದು ಜೋನ್ ಮಾಡಿದ ಕೇಕು ಅವಳ ಫ್ರೀಜರಿನಲ್ಲಿ ಕಲ್ಲಾಗಿ ಕೂತಿದೆ ಎಂದು ನೀನೇ ಹೇಳಿದೆ.

ಅವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ನಾನು ಆ ಡೈನರಿಗೆ ಬಂದ ದಿನ ಇಬ್ಬರೂ ಎದ್ದು ನಿಂತು ನನ್ನ ಕೈ ಹಿಡಿದರು. ಎಡಿಸನ್ನಿನ ನಮ್ಮ ಜನ ಅಷ್ಟೂ ಮಾಡಿರಲಿಲ್ಲ. ವಾಲ್ಟನ ಸ್ಕೂಲ್ ಬಸ್ಸು ಒಮ್ಮೆ ಹಳ್ಳಕ್ಕೆ ಇಳಿದಿತ್ತಂತೆ. ಏನೋ ಅಡ್ಡ ಬಂತು ಎಂದ, ಯಾರೂ ನಂಬಲಿಲ್ಲ, ಕೆಲಸ ಹೋಯಿತು. ಜೋನ್‌ಳ ಗಂಡ ಬೇಟೆಗೆಂದು ಹೋದವನು ತಿರುಗಿ ಬರಲಿಲ್ಲ. ಅವನು ಪೆನ್ಸಿಲ್ವೇನಿಯಾದಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆಂದು ಡೈನರಿನ ಅಡುಗೆಯವನಿಗೂ ಗೊತ್ತು, ಅವಳಿಗೊಬ್ಬಳಿಗೆ ಬೇಡ. ಆ ಮೇಜಿಗೆ ಕೂತ ಒಬ್ಬೊಬ್ಬರಿಗೂ ಒಂದು ಪ್ರಾಣಿ ಬೇಕು. ನಿನಗೂ ಬೇಕು.

ಆದರೆ ನೀನು ಯಾರು ಎಂಬುದು ನನಗೆ ಮರೆತಿಲ್ಲ. ಅಮಾವಾಸ್ಯೆಯ ದಿನ ಸ್ಮಶಾನದಲ್ಲಿ ಕೂತು ಮೊಟ್ಟೆ ಸುಲಿದು ತಿಂದು, ದೆವ್ವವೂ ಇಲ್ಲ ಗಿವ್ವವೂ ಇಲ್ಲ ಎಂದು ಊರಿಗೆ ಊರೇ ನೋಡುವಂತೆ ತೋರಿಸಿದವನು. ತಾಳಿ, ಪುರೋಹಿತ, ಮುಹೂರ್ತ ಯಾವುದೂ ಇಲ್ಲದೆ ರಾಹುಕಾಲದಲ್ಲಿ ನನಗೆ ಹಾರ ಹಾಕಿದವನು. ಆ ಮನುಷ್ಯ ಇವತ್ತು ಕಾಡಿನಲ್ಲಿ ಸಿಕ್ಕ ಒಂದು ಹಿಡಿ ಕೂದಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಯೂನಿವರ್ಸಿಟಿಗೆ ಕಳಿಸಿ, ರೆಕ್ಕೆಯ ಕುದುರೆಗೆ ಕಾಯುತ್ತಿದ್ದಾನೆ. ದೆವ್ವ ಬಿಡಿಸುವವರಿಗೆ ಕೋಳಿ ಕೊಡುತ್ತಿದ್ದ ನಮ್ಮ ಮುದುಕಿಯರಿಗೆ ಏನು ಉತ್ತರ ಹೇಳೋಣ, ಪ್ರಕಾಶ?

ಏನು ನಡೆಯಿತೆಂದು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಹೋದ ಜುಲೈ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಡುತ್ತವೆಂದು ಜಗತ್ತೇ ಹೆದರಿದ್ದ ಕಾಲ. ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋದವನು ಶನಿವಾರ ಮಧ್ಯಾಹ್ನ ಬಂದೆ. ಮೂವತ್ತೊಂದು ಗಂಟೆ. ಮೂರು ಗಂಟೆ ಮಲಗುವಷ್ಟರಲ್ಲಿ ಪೇಜರ್ ಕೂಗಿತು, ಮತ್ತೆ ಓಡಿದೆ. ಭಾನುವಾರ ಹತ್ತಕ್ಕೆ ಬಂದು, ಇಂಚರಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಾಗಿದೆ ಎಂದು ಕಾರು ತೆಗೆದೆ. ಪಾರ್ಕ್‌ವೇ ಹೆದ್ದಾರಿ ಜಾಮ್ ಆಗಿತ್ತು, ಕಾಡಿನ ರಸ್ತೆ ಹಿಡಿದೆ. ನಡುಮಧ್ಯಾಹ್ನ, ನೇರ ರಸ್ತೆ, ಮುಂದೆ ಒಂದು ಗಾಡಿ ಇಲ್ಲ. ಮರ. ನಾಲ್ಕು ವರ್ಷದ ಮಗು.

ಏನೋ ದಾಟಿತು, ಕೆಂಚಗೆ ಎತ್ತರಕ್ಕೆ ಏನೋ ದಾಟಿತು ಎಂದೆ ನೀನು. ‘ನೀನೂ ಪೊಲೀಸರ ಮುಂದೆ ಹಾಗೇ ಹೇಳಿದೆಯಲ್ಲ’ ಎಂದು ಇವತ್ತಿಗೂ ನನ್ನನ್ನು ಕೇಳುತ್ತೀಯ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮಗುವನ್ನು ತಿಂದ ಪ್ರಾಣಿಗೆ ಗೊರಸಿಲ್ಲ. ಅದಕ್ಕೆ ಎಡಿಸನ್ನಿನಲ್ಲಿ, ನಿಮ್ಮನ್ನೆಲ್ಲ ಕಂಪ್ಯೂಟರ್ ಕೆಲಸಕ್ಕೆ ಕರೆತಂದ ಆಫೀಸಿದೆ. ಒಂದು ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ಹುಡುಗರನ್ನು ತುಂಬಿ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಯುಗಾದಿಯ ದಿನ ಕನ್ನಡ ಕೂಟದ ವೇದಿಕೆಯ ಮೇಲೆ ನಾಡು ನುಡಿ ಎಂದು ಗದ್ಗದಿಸುತ್ತ ಒಬ್ಬಟ್ಟು ಹಂಚುತ್ತದೆ. ಇಂಚರಳನ್ನು ಸುಟ್ಟು ಬಂದ ನಾಲ್ಕನೆಯ ದಿನ ಫೋನ್ ಮಾಡಿ, ಕ್ಲೈಂಟ್ ಕೇಳುತ್ತಿದ್ದಾರೆ ಸೋಮವಾರ ಬರುತ್ತೀಯಾ ಎಂದಿತು. ನೀನು ಹೋದೆ. ಈಗಲೂ ಆ ಕಾಡಿನ ಹತ್ತಿರದ ಊರು ಟಾಮ್ಸ್ ರಿವರ್‌ನಲ್ಲಿ ಕೂತು ಅದರದೇ ಕೆಲಸ ಮಾಡುತ್ತಿದ್ದೀಯ.

ನಿನ್ನ ಜೊತೆ ಕೆಲಸ ಮಾಡಿದ ಮುಕುಂದ್ ಮತ್ತು ಆರು ಜನ ಆ ಆಫೀಸಿನ ಮಾಲೀಕನ ಮೇಲೆ ದೂರು ಕೊಟ್ಟಿದ್ದಾರೆ. ಟೈಮ್‌ಶೀಟಿನಲ್ಲಿ ಎಲ್ಲರಿಗೂ ದಿನಕ್ಕೆ ಎಂಟೇ ಗಂಟೆ ಬರೆಸಿದ್ದಾನೆ. ಆ ಮೂರು ದಿನ ನೀನು ಎಷ್ಟು ದುಡಿದೆ, ಗಾಡಿ ಓಡಿಸುವಾಗ ನಿನ್ನ ಮೈ ಹೇಗಿತ್ತು ಎಂದು ನೀನು ಬರೆದು ಸಹಿ ಹಾಕಬೇಕು. ಮುಕುಂದ್ ನನ್ನ ಮುಂದೆ ಕೂತು ಬೂಟಿನ ಲೇಸನ್ನೇ ನೋಡುತ್ತ ಹೇಳಿದ: “ಅಕ್ಕಾ, ಅಣ್ಣ ಬರ್ಕೊಟ್ರೆ ಕೇಸು ನಿಲ್ಲುತ್ತೆ. ಇಲ್ದಿದ್ರೆ ಇವ್ರದ್ದು ಬರೀ ಗೊಣಗಾಟ ಅಂತಾರೆ. ನಿನ್ನೆ ನಾನೂ ಸ್ಟಿಯರಿಂಗ್ ಮೇಲೆ ತೂಕಡಿಸ್ದೆ.” ಅವನ ಹೆಂಡತಿ ಲಾವಣ್ಯಾಗೆ ಈಗ ಏಳು ತಿಂಗಳು. ಅವರ ಮನೆಯ ಸೋಫಾದ ಮೇಲೆ ನಾನು ಮಲಗುತ್ತಿರುವುದು.

ಮುಚ್ಚಿಡುವುದಿಲ್ಲ. ಸಹಿ ಹಾಕಿದರೆ ನಿನ್ನ ಮೇಲೂ ಕೇಸು ಆಗಬಹುದು, ವೀಸಾ ಹೋಗಬಹುದು ಎಂದು ವಕೀಲರು ಹೇಳಿದರು. ನೀನು ಹೆದರುತ್ತಿರುವುದು ಅದಕ್ಕಲ್ಲವೆಂದು ನನಗೆ ಗೊತ್ತು. ‘ನಿದ್ದೆ’ ಎಂಬ ಎರಡಕ್ಷರ ಬರೆದುಬಿಟ್ಟರೆ ಕಾಡಿನಲ್ಲಿ ಪ್ರಾಣಿ ಉಳಿಯುವುದಿಲ್ಲ, ನೀನೊಬ್ಬನೇ ಉಳಿಯುತ್ತೀಯ.

ವರದಿಗೆ ಕಾಯಬೇಡ. ಅದನ್ನು ನಾನೇ ಬರೆಯುತ್ತಿದ್ದೇನೆ.

ಇಂಚರ ಹುಟ್ಟಿದಾಗ ನಿನ್ನವ್ವ ದೇವಮ್ಮ ಮಾದಪ್ಪನ ಬೆಟ್ಟಕ್ಕೆ ಅವಳ ಮೊದಲ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದರು. ನೀನು ನಕ್ಕೆ. ನಾನೂ ನಕ್ಕೆ. ಹರಕೆ ತೀರುವ ಮೊದಲೇ ವಿಮಾನ ಹತ್ತಿದೆವು. ಹೋದ ವರ್ಷ ಪ್ರಿಸ್ಕೂಲಿನಿಂದ ಹೇನು ತಂದಳಲ್ಲ, ಬಾತ್‌ಟಬ್ಬಿನಲ್ಲಿ ಕೂರಿಸಿ ನಾನೇ ತಲೆ ಬೋಳಿಸಿದೆ. ಎಸೆದುಬಿಡು ಎಂದೆ ನೀನು. ಎಸೆದೆ ಎಂದೆ ನಾನು. ಎಸೆಯಲಿಲ್ಲ. ಅತ್ತೆಗೆ ಕಳಿಸೋಣವೆಂದು, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೆ. ಮೂಢನಂಬಿಕೆಯ ವಿರುದ್ಧ ಜಾಥಾದಲ್ಲಿ ಮುಂದೆ ನಿಂತು ಹಾಡಿದ ನಾನು.

ಅವಳು ಹೋದ ಮೇಲೆ ಆ ಗಂಟನ್ನು ಯಾವ ಬೆಟ್ಟಕ್ಕೆ ಕಳಿಸಲಿ? ಆಗಸ್ಟಿನಲ್ಲಿ ಲಾವಣ್ಯಾ ನನ್ನನ್ನು ಆ ರಸ್ತೆಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಅವಳು ಕಾರಿನಿಂದ ಇಳಿಯಲಿಲ್ಲ. ನಮ್ಮ ಕಾರು ತೊಗಟೆ ಸುಲಿದ ಮರದಲ್ಲಿ, ನನ್ನ ಭುಜದ ಎತ್ತರಕ್ಕೆ ಒಂದು ಬಿರುಕಿತ್ತು. ಅದರೊಳಗೆ ಇಟ್ಟು ಬಂದೆ. ಬಟ್ಟೆ ಗಾಳಿಗೆ ಹೋಗಿರಬೇಕು. ಕೂದಲು ರಾಳಕ್ಕೆ ಅಂಟಿ ಉಳಿದಿತ್ತು.

ಸೆಪ್ಟೆಂಬರಿನಲ್ಲಿ ಜೋನ್ ಅದನ್ನು ಕಂಡಳು. ಮನುಷ್ಯರ ಕೂದಲಿಗೆ ಇಂಥ ಕೆಂಚುಹಳದಿ ಬಣ್ಣವಿರುವುದಿಲ್ಲ ಎಂದು ವಾಲ್ಟ್ ಹೇಳಿದ. ನೀನು ಅದನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ಫೋನ್ ಮಾಡಿ ಅತ್ತುಬಿಟ್ಟೆ. ಎಣ್ಣೆ ಹಚ್ಚಿ, ಜುಟ್ಟು ಕಟ್ಟಿ, ಮೂಸಿ ನೋಡಿದ್ದ ಕೂದಲು ನಿನ್ನ ಬೆರಳಿನ ನಡುವೆಯೇ ಇತ್ತು. ನಿನಗೆ ಗುರುತು ಸಿಗಲಿಲ್ಲ. ನನಗೆ ಬಾಯಿ ಬರಲಿಲ್ಲ. ಅಷ್ಟು ದಿನದ ಮೇಲೆ ನಿನ್ನ ದನಿಯಲ್ಲಿ ಜೀವ ಕೇಳಿಸಿತ್ತು.

ಬುಡವಿಲ್ಲದ ಕೂದಲಿನಿಂದ ತಾಯಿಯ ಕಡೆಯ ಗುರುತೊಂದೇ ಸಿಗುತ್ತದೆ ಎಂದು ಪ್ರೊಫೆಸರು ಹೇಳಿದ್ದನಲ್ಲವೆ. ಆ ತಾಯಿ ನಾನು.

ಜೋನ್‌ಗೆ ನೀನೇ ಹೇಳು. ವಾಲ್ಟನಿಗೂ. ನನ್ನಿಂದ ಆಗುವುದಿಲ್ಲ. ಫಾರಂ ಇದರ ಜೊತೆಗೇ ಇದೆ.

ನಿನ್ನವಳಾಗಿದ್ದ,
ಮಾದೇವಿ

ಮರೆತು ಬಿಟ್ಟದ್ದಲ್ಲ, ಕೊನೆಗೆಂದು ಉಳಿಸಿಕೊಂಡದ್ದು: ಅಂದು ಏನೂ ದಾಟಲಿಲ್ಲ. ನಿನ್ನನ್ನು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿ ಪೊಲೀಸರಿಗೆ ಹಾಗೆ ಹೇಳಿದೆ. ಅದನ್ನು ಕೇಳಿಸಿಕೊಂಡ ಮೇಲೆ ನೀನು ಪ್ರಾಣಿಯನ್ನು ಕಂಡೆ. ನಾನು ಎಚ್ಚರವಾಗಿದ್ದೆ. ನಿನ್ನ ಕಣ್ಣು ಮುಚ್ಚಿದ್ದು ನೋಡಿದೆ. ಭುಜ ಅಲುಗಿಸಲು ಕೈ ಎತ್ತಿದ್ದೆ. ಹಿಂದಿನಿಂದ ಇಂಚರ “ಅವ್ವಾ, ವಾಟರ್” ಎಂದಳು. ಮೊದಲು ಅವಳಿಗೆ ಕೊಡೋಣವೆಂದು ತಿರುಗಿದೆ. ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ಸಾಕ್ಷಿಯ ಜಾಗದಲ್ಲಿ ಇಷ್ಟನ್ನೂ ಬರೆದು ಸಹಿ ಹಾಕಿದ್ದೇನೆ. ಅದರ ಮೇಲಿನ ಗೆರೆ ಖಾಲಿ ಇದೆ.