ಬೀಗ ಹಾಕದ ಕಾರು, ಒಡೆಯದ ಗಾಜು

ವಾಹನ ವಿಮೆಯ ಕ್ಲೇಮುಗಳನ್ನು ತಿರಸ್ಕರಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಕಾರಿನೊಳಗೆ ಕಳ್ಳ ಹೊಕ್ಕಿದ್ದನೆಂದು ಪೊಲೀಸರು ಒಪ್ಪಿದ್ದಾರೆ, ಮೆಕ್ಯಾನಿಕ್ ಒಪ್ಪಿದ್ದಾನೆ, ಭಟ್ಕಳ ಬಂದರಿನ ಕಾಗೆಗಳನ್ನು ಕೇಳಿದರೆ ಅವೂ ಒಪ್ಪಿಯಾವು. ಒಪ್ಪದವರು ತಾವೊಬ್ಬರೇ. "ಬಲವಂತದ ಪ್ರವೇಶದ ಗುರುತಿಲ್ಲ, ಮಾಲೀಕರು ಸೂಕ್ತ ಎಚ್ಚರಿಕೆ ವಹಿಸಿಲ್ಲ" ಎಂದು ಬರೆದು ನನ್ನ ಕ್ಲೇಮನ್ನು ತಳ್ಳಿಹಾಕಿದ್ದೀರಿ. ಇಷ್ಟು ಬರೆಯಲು ತಮಗೆ ನಲವತ್ತು ದಿನ ಬೇಕಾಯಿತು. ಬಹಳ ಆಯಾಸವಾಗಿರಬೇಕು.

ತಾವು ಬಂದರು ಕಂಡವರಲ್ಲ, ಹಾಗಾಗಿ ಹೇಳುತ್ತೇನೆ. ದೋಣಿ ತಂದು ಕಟ್ಟುವ ನಮ್ಮ ಧಕ್ಕೆ ನೀರಿನ ಕಡೆಗೆ ಇಳಿಜಾರು. ಹ್ಯಾಂಡ್‌ಬ್ರೇಕ್ ಹಾಕದಿದ್ದರೆ ಕಾರು ನೆಟ್ಟಗೆ ನೀರಿಗೆ. ದೋಣಿ ಬಂದ ಹೊತ್ತಿಗೇ ಐಸ್ ಲಾರಿಯೂ ಬರುತ್ತದೆ. ದಾರಿಗೆ ಅಡ್ಡವಿದ್ದ ಕಾರಿನ ಬಾಗಿಲು ತೆಗೆದು, ಬ್ರೇಕ್ ಬಿಟ್ಟು, ಅಲ್ಲಿದ್ದವರೇ ಹಿಂದೆ ಮುಂದೆ ತಳ್ಳಿ ಜಾಗ ಮಾಡುತ್ತಾರೆ. ಅದಕ್ಕೇ ಧಕ್ಕೆಯಲ್ಲಿ ಯಾರೂ ಕಾರಿಗೆ ಬೀಗ ಹಾಕುವುದಿಲ್ಲ. ಹಾಕಿದವನಿಗೆ ಬೈಗುಳ ಬೀಳುತ್ತದೆ. ಹದಿನಾಲ್ಕು ವರ್ಷದ ಮೀನು ವ್ಯಾಪಾರದಲ್ಲಿ ನನ್ನದೊಂದು ಬುಟ್ಟಿಯೂ ಕಳೆದಿರಲಿಲ್ಲ. ಆ ದಿನ ಹರಾಜು ಮುಗಿಸಿ ಬರುವಷ್ಟರಲ್ಲಿ ಯಾವನೋ ಸ್ಟೀರಿಯೊ ಕಿತ್ತು, ಅದರ ಹಿಂದಿನ ವೈರುಗಳನ್ನೆಲ್ಲ ಹರಿದು ಹೋಗಿದ್ದ. ಗಾಡಿ ಸ್ಟಾರ್ಟೇ ಆಗಲಿಲ್ಲ.

ಸರ್ವೆಯರು ನೋಡುವ ತನಕ ಏನನ್ನೂ ಮುಟ್ಟಬೇಡಿ ಎಂದು ತಮ್ಮ ಕಚೇರಿಯಿಂದ ಅಪ್ಪಣೆಯಾಯಿತು. ಮುಟ್ಟಲಿಲ್ಲ. ಹತ್ತೊಂಬತ್ತನೆಯ ದಿನ ಅವರು ಮೂಗಿಗೆ ಕರವಸ್ತ್ರ ಹಿಡಿದು ದಯಮಾಡಿಸಿದರು. ಬೀಗ ಹಾಕಿರಲಿಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. "ಅಯ್ಯೋ, ಒಂದು ಗಾಜಾದರೂ ಒಡೆದಿದ್ದರೆ ಏನಾದರೂ ಬರೆಯಬಹುದಿತ್ತಲ್ರೀ" ಎಂದು ಕನಿಕರಪಟ್ಟರು. ಪಕ್ಕದಲ್ಲೇ ನಿಂತಿದ್ದ ಐಸ್ ಲಾರಿಯ ಅಣ್ಣಪ್ಪ, "ಎಂತ ಮಾರಾಯಾ, ಅಷ್ಟೇ ಅಲ್ದಾ? ಒಂದ್ ಕಲ್ಲ್ ತಕಂಡ್ ಬರ್ಲಾ? ಈಗ್ಲೇ ಒಡ್ದ್ ಕೊಡ್ತೆ, ಆತಲ್ಲ?" ಎಂದ. ನಾನು ಬೇಡವೆಂದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ತಮಗೆ ಬೇಕಾದದ್ದು ಸುಳ್ಳು ಹೇಳಬಲ್ಲ ಗಿರಾಕಿ ಎಂದು ಪ್ರೀಮಿಯಂ ಕಟ್ಟಿಸಿಕೊಳ್ಳುವಾಗಲೇ ಯಾಕೆ ತಿಳಿಸಲಿಲ್ಲ?

ಕಾರು ನನಗೆ ಶೋಕಿಗಲ್ಲ. ನನ್ನ ತಾಯಿ ಹೊನ್ನಿಯ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಮಾವಳ್ಳಿಯಿಂದ ಹೊನ್ನಾವರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬಾಡಿಗೆ ಕಾರು ಮಾಡಬಾರದೇ, ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಬಾರದೇ ಎನ್ನುತ್ತೀರೋ? ಅಷ್ಟು ತಾಕತ್ತಿದ್ದರೆ ತಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದೆ? ಇಷ್ಟು ದಿನ ಅಣ್ಣಪ್ಪನೇ ಲಾರಿಯಲ್ಲಿ ಕರೆದೊಯ್ದ. ಎಪ್ಪತ್ತೊಂದರ ಮುದುಕಿಯನ್ನು ಇಬ್ಬರು ಎತ್ತಿ ಕ್ಯಾಬಿನ್ನಿಗೆ ಹತ್ತಿಸಬೇಕು. ಕಳೆದ ಗುರುವಾರ ವಾಪಸ್ ಬಂದು ಇಳಿಯುವಾಗ ತಲೆ ತಿರುಗಿ ಬಿದ್ದಳು. ಶನಿವಾರ ಲಾರಿ ಬಂದು ಹಾರನ್ ಹೊಡೆದರೂ ಏಳಲಿಲ್ಲ. "ಸಾಕು ಮಗಾ. ಆ ಲಾರಿ ಹತ್ತೂಕೆ ನನ್ ಹತ್ರ ಆಗೂದಿಲ್ಲ. ನಾ ಇನ್ನ್ ಬರೂದಿಲ್ಲ" ಎಂದು ಗೋಡೆಯ ಕಡೆ ಮಗ್ಗುಲಾದಳು. ಒಂದು ಸರದಿ ತಪ್ಪಿತು, ಮುಖ ಊದಿದೆ. ಇನ್ನೊಂದು ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಹೆದರಿಕೆಯಾಗುತ್ತಿದೆ. ತಮ್ಮ ಫಾರ್ಮಿನಲ್ಲಿ ಇದಕ್ಕೆ ಯಾವ ಕಾಲಂ ಇಟ್ಟಿದ್ದೀರಿ?

ನನ್ನ ಒತ್ತಾಯ ಇಷ್ಟೇ. ರಿಪೇರಿಗೆ ಇವತ್ತೇ ಒಪ್ಪಿಗೆ ಕೊಡಿ. ಕಾರು ಗ್ಯಾರೇಜಿನಿಂದ ಹೊರಬರುವ ತನಕ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ತಮ್ಮ ಕಾರು ನಮ್ಮ ಮನೆ ಮುಂದೆ ಬಂದು ನಿಲ್ಲಲಿ. ಇದು ತಗ್ಗಿನ ಗಾಡಿ, ಯಾರೂ ಎತ್ತಿ ಹತ್ತಿಸಬೇಕಾಗಿಲ್ಲ ಎಂದು ತಾವೇ ಒಳಗೆ ಬಂದು ಅಮ್ಮನಿಗೆ ಹೇಳಿ, ಎಬ್ಬಿಸಿ. ಅವಳು ಒಳಗೆ ಕೂತ ಮೇಲೆ ನಾಲ್ಕೂ ಬಾಗಿಲಿಗೆ ಬೇಕಾದಷ್ಟು ಬೀಗ ಹಾಕಿಕೊಳ್ಳಿ.

ಇಂತಿ,
ತನ್ನ ಕಾರಿನ ಗಾಜನ್ನು ತಾನೇ ಒಡೆಯಲು ಒಪ್ಪದ ಪೆದ್ದ,
ಜಟ್ಟಿ ಮೊಗೇರ, ಮಾವಳ್ಳಿ