ನಿನ್ನ ಎದುರಿನ ಬೋಗುಣಿ

ವರ್ಡೀ,

ಈ ಕಾಗದಕ್ಕೆ ಅಂಚೆಚೀಟಿ ಹಚ್ಚುವ ಧೈರ್ಯ ನನಗಿಲ್ಲ. ನೀನು ಕೆಂಟಕಿ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು.

ಇಂದು ನಮ್ಮ ಚರ್ಚಿನ ಸಭೆಯಲ್ಲಿ ಪಾದ ತೊಳೆಯುವ ಭಾನುವಾರ. ಯೇಸು ಶಿಷ್ಯರ ಪಾದ ತೊಳೆದ ಹಾಗೆ ಒಬ್ಬರ ಪಾದ ಒಬ್ಬರು ತೊಳೆಯಲು ಹೆಂಗಸರೆಲ್ಲ ಜೋಡಿಜೋಡಿಯಾಗಿ ಕೂತರು. ಮೂವತ್ತೊಂದು ವರ್ಷ ನನ್ನ ಜೋಡಿ ನೀನೇ ಅಲ್ಲವೇ? ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಬೋಗುಣಿ ಮುಂದಿಟ್ಟುಕೊಂಡು, ನಿನ್ನ ಖಾಲಿ ಜಾಗದ ಎದುರು ಕೂತೆ.

"ಯಾರಿಗೆ ಕಾಯ್ತಿದ್ದೀಯೇ ಓಪಲ್? ನೀರು ತಣ್ಣಗಾಯ್ತು," ಎಂದಳು ಪಕ್ಕದ ಬೆಂಚಿನ ಮುದುಕಿ ಜೂವೆಲ್. "ಅವಳು ಬರಲ್ಲ ಕಣೇ. ನಮ್ಮ ಜೊತೆ ಸೇರ್ಕೋ ಬಾ."

"ನನಗೆ ಜೋಡಿ ಇದ್ದಾಳೆ," ಎಂದೆ. ನನ್ನ ಹಟ ನಿನಗೆ ಗೊತ್ತೇ ಇದೆ.

ಕೊನೆಗೆ ಪಾದ್ರಿ ಹೋಬರ್ಟ್ ಎದ್ದು, "ನಮ್ಮ ಸೋದರಿ ಓಪಲ್‌ನ ನೋಡಿ. ಗಂಡ ಹೋದ, ನೆರೇಲಿ ಮನೆ ಹೋಯ್ತು. ನಂಬಿಕೇಲಿ ಮಾತ್ರ ಒಂದಿಂಚೂ ಕದಲಲಿಲ್ಲ," ಎಂದರು. ಎಲ್ಲರೂ ಆಮೆನ್ ಎಂದರು. ನಾನು ತಲೆಯೆತ್ತಲಿಲ್ಲ.

ನಿಜ, ಕದಲಲಿಲ್ಲ. ಗಣಿಯಿಂದ ನಿನ್ನ ಮಗ ಡೆನ್ವರ್‌ನ ಹೆಣ ತಂದ ಸಂಜೆ, ನೀನು ಬರಿಗಾಲಲ್ಲಿ ಕೆಸರು ತುಳಿಯುತ್ತ ನನ್ನ ಬಾಗಿಲಿಗೆ ಬಂದೆ. "ದೇವರು ಯಾಕೆ ಹಿಂಗ್ ಮಾಡ್ದ, ಓಪಲ್?" ಅಂದೆ. ನಾನು ನಿಂತಲ್ಲೇ ನಿಂತು, "ಅವನ ಚಿತ್ತ ಕಣೇ, ಪ್ರಶ್ನೆ ಮಾಡ್ಬಾರ್ದು," ಅಂದೆ. ನೀನು ತಿರುಗಿ ಹೋದ ಮೇಲೆ ಹೊಸಿಲಲ್ಲಿ ಎರಡು ಕೆಸರು ಹೆಜ್ಜೆ ಉಳಿದಿದ್ದವು.

ಆ ಸಂಜೆಯೂ ಬೋಗುಣಿ ಕೈಗೆಟುಕುವಲ್ಲೇ ಇತ್ತು. ಒಲೆಯ ಮೇಲೆ ನೀರೂ ಕಾದಿತ್ತು, ವರ್ಡೀ.