ಆಜ್ಞೆ ಕೇಳಿಸಿತ್ತು

ಹಳಿಯಾಳ
೮ ಮಾರ್ಚ್ ೧೯೬೬

ಚಿಗಳ್ಳಿಯ ಶೇಖಪ್ಪನವರಿಗೆ ಹಳಿಯಾಳದ ಚನಬಸಪ್ಪನ ಶರಣು.

ನನ್ನ ಅಕ್ಕ ನೀಲಕ್ಕನನ್ನು ಕೈಹಿಡಿಯಲಿರುವ ನಿಮ್ಮನ್ನು ಮಾಮಾ ಎಂದೇ ಕರೆಯಬೇಕೆಂದಿದ್ದೆ. ಇದನ್ನು ಓದಿದ ಮೇಲೂ ನೀವು ಹೂಂ ಅಂದರೆ ಹಾಗೆಯೇ ಕರೆಯುತ್ತೇನೆ.

ನಿಶ್ಚಯದ ದಿನ ನಿಮ್ಮ ತಾಯಿ ಗುರುಬಸವ್ವನವರು ನನ್ನ ಗಲ್ಲ ಹಿಡಿದು, "ಗಡಿಗೆ ಯಾವಾಗ ಹೊಂಟಿಯೋ ನನ್ನಪ್ಪಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮಪ್ಪ, "ರಜಾದ ಮ್ಯಾಲ ಬಂದಾನ್ರೀ. ಇನ್ನೆರಡು ವರ್ಷಕ್ಕ ಆಫೀಸರ!" ಎಂದುಬಿಟ್ಟ. ನಾನು ರಜೆಯ ಮೇಲೆ ಬಂದಿಲ್ಲ. ಸೈನಿಕ ಕಾಲೇಜಿನವರು ನನ್ನನ್ನು ಹೊರಗೆ ಹಾಕಿದ್ದಾರೆ. ಈಗ ದಾಂಡೇಲಿಯಲ್ಲಿ ಹಸನಸಾಬರ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಕಲಿಯುತ್ತಿದ್ದೇನೆ.

ಕಳ್ಳತನ ಮಾಡಿ ಬಂದವನಲ್ಲ. ಹಸನಸಾಬರ ಮಗ ಸುಭಾನಿ ಅಲ್ಲಿ ನನ್ನ ಜತೆಗೇ ಓದುತ್ತಿದ್ದ. ಜ್ವರದಿಂದ ಬೆಳಗಿನ ಓಟದಲ್ಲಿ ಹಿಂದೆ ಬಿದ್ದನೆಂದು ನಮ್ಮ ಕ್ಯಾಪ್ಟನ್ ಅವನ ಕೈಯಲ್ಲಿ ರೈಫಲ್ ತಲೆಯ ಮೇಲೆತ್ತಿಸಿ, ಸುಡುವ ಬಿಸಿಲಲ್ಲಿ ಮೈದಾನ ಸುತ್ತಿಸಿದ. ಸುಭಾನಿ ಕುಸಿದು ಬಿದ್ದ. ನೀರು ತಂದವರನ್ನೂ ಕ್ಯಾಪ್ಟನ್ ತಡೆದ. ನಾವು ಪ್ರಿನ್ಸಿಪಾಲರ ಬಳಿಗೆ ಹೋದರೆ, ಸೈನ್ಯದಲ್ಲಿ ಆಜ್ಞೆ ಇದೆ, ದೂರು ಇಲ್ಲ ಎಂದು ಹೇಳಿ ಕಳಿಸಿದರು.

ಸರಿ, ಆಜ್ಞೆಯಲ್ಲೇ ಉತ್ತರ ಕೊಡೋಣ ಎಂದುಕೊಂಡೆವು. ದೊಡ್ಡ ಸಾಹೇಬರು ಪರೇಡ್ ನೋಡಲು ಬಂದ ದಿನ ಕ್ಯಾಪ್ಟನ್ "ತೇಜ್ ಚಲ್!" ಎಂದು ನಡೆಯುವ ಆಜ್ಞೆ ಕೂಗಿದ. ಬ್ಯಾಂಡು ಹೊರಟಿತು. ನಮ್ಮಲ್ಲಿ ಒಬ್ಬನೂ ಕಾಲು ಎತ್ತಲಿಲ್ಲ. ಘೋಷಣೆ ಇಲ್ಲ, ಕಲ್ಲು ಇಲ್ಲ, ಎದೆ ಸೆಟೆಸಿ ಸುಮ್ಮನೆ ನಿಂತೆವು. ಬ್ಯಾಂಡಿನವರು ಅರ್ಧ ಮೈದಾನ ದಾಟಿದ ಮೇಲೆ, ಹಿಂದೆ ಯಾರೂ ಇಲ್ಲವೆಂದು ತಿಳಿದು ಊದುವುದನ್ನು ನಿಲ್ಲಿಸಿದರು. ಅಷ್ಟು ನೆಟ್ಟಗೆ ನಾವು ಯಾವ ಪರೇಡಿನಲ್ಲೂ ನಿಂತಿರಲಿಲ್ಲ.

ವಿಚಾರಣೆ ಶುರುವಾಯಿತು. ಗಾಳಿ ಜೋರಿತ್ತು, ಆಜ್ಞೆ ಕೇಳಿಸಲಿಲ್ಲ ಎಂದು ಎಲ್ಲರೂ ಹೇಳುವುದೆಂದು ಗೆಳೆಯರು ಗೊತ್ತುಮಾಡಿದರು. ಆಸ್ಪತ್ರೆಯ ಮಂಚದಲ್ಲಿದ್ದ ಸುಭಾನಿಯೂ, "ಗಾಳಿ ಅಂದಬಿಡೊ ಭಾಯ್. ಗಾಳಿಗೆ ಯಾರ ಫಾಶಿ ಹಾಕ್ತಾರ?" ಎಂದು ನಕ್ಕ.

ನನ್ನ ಸರದಿ ಬಂದಾಗ, ಕೇಳಿಸಿತ್ತು, ಬೇಕೆಂದೇ ನಡೆಯಲಿಲ್ಲ ಎಂದೆ. ಯಾಕೆಂಬುದನ್ನೂ ಹೇಳಿದೆ. ಗಾಳಿಯ ಮೇಲೆ ಹಾಕಿದ್ದರೆ ನಾವು ನಿಂತದ್ದಕ್ಕೆ ಅರ್ಥವೇನಿತ್ತು? ಸುಭಾನಿ ಬಿದ್ದದ್ದೂ ಗಾಳಿಗೇ ಎನ್ನುತ್ತಿದ್ದರು. ಉಳಿದವರಿಗೂ ಕೇಳಿಸಿತ್ತೇ ಎಂದಾಗ, ನನ್ನ ಕಿವಿಯ ಸುದ್ದಿ ಮಾತ್ರ ನಾನು ಬಲ್ಲೆ ಎಂದೆ. ಅವರನ್ನು ಎಚ್ಚರಿಕೆ ಕೊಟ್ಟು ಬಿಟ್ಟರು, ನನಗೆ ಗೇಟು ತೋರಿಸಿದರು. ಆದರೆ ಕ್ಯಾಪ್ಟನ್ನಿಗೆ ವರ್ಗವಾಯಿತು, ಬಿಸಿಲ ಶಿಕ್ಷೆ ನಿಂತಿತು, ಸುಭಾನಿ ಅಲ್ಲೇ ಓದುತ್ತಿದ್ದಾನೆ. ನಾನು ಸೋತೆನೆಂದು ನನಗೆ ಒಂದು ದಿನವೂ ಅನಿಸಿಲ್ಲ.

ಈಗ ಅಪ್ಪ ಪೇಟೆಯಲ್ಲಿ ಖಾಕಿ ಅರಿವಿ ಹೊಲಿಸಿ ತಂದಿದ್ದಾನೆ. ಲಗ್ನದ ದಿನ ನಾನು ಅದನ್ನು ಹಾಕಿಕೊಂಡು ನಿಮ್ಮ ಕಡೆಯವರ ನಡುವೆ ತಿರುಗಬೇಕಂತೆ. "ಒಂದ ದಿನ ಹಾಕ್ಕೊಂಡ್ರ ಮೈ ತುರಸ್ತೈತೇನಲೇ? ಅಕ್ಕನ ಬಾಳೇವು ನೋಡೊ" ಎನ್ನುತ್ತಾನೆ. ಅಪ್ಪ ಕೆಟ್ಟವನಲ್ಲ. ಮಗ ಆಫೀಸರನೆಂದು ಊರೆಲ್ಲ ಹೇಳಿಕೊಂಡು ತಿರುಗಿದವನಿಗೆ ಮಾತು ಹಿಂದೆ ತೆಗೆದುಕೊಳ್ಳಲು ನಾಚಿಕೆ. ಆದರೂ ನಾನು ಹಾಕುವುದಿಲ್ಲ. ಆಫೀಸರನ ಅಕ್ಕ ಎಂದು ನೀವು ಒಪ್ಪಿದ್ದರೆ, ಅಕ್ಕಿಕಾಳು ಬೀಳುವ ಮೊದಲೇ ನಿಮಗೆ ತಿಳಿಯಲಿ. ಆಮೇಲೆ ತಿಳಿದರೆ ಮಾತು ಕೇಳಬೇಕಾದವಳು ಅವಳು, ನಾನಲ್ಲ.

ಬೇಡವಾದರೆ ಬೇಡವೆಂದು ನೇರವಾಗಿ ಬರೆಯಿರಿ. ಬೇಕಾದರೆ, ಲಾರಿ ಮಿಸ್ತ್ರಿಯ ಅಕ್ಕನೆಂದು ತಿಳಿದೇ ಹೂಂ ಅನ್ನಿ.

ಗ್ರೀಸು ಮೆತ್ತಿದ ಕೈಯಿಂದ,
ಚನಬಸಪ್ಪ

ತಾ.ಕ.: ಇದೆಲ್ಲ ನನ್ನ ಧೈರ್ಯವೆಂದು ತಿಳಿಯಬೇಡಿ. ಅಕ್ಕನಿಗೆ ಕೇಡಾದೀತೆಂದು ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಪೆನ್ನು ಕೈಗೆ ಕೊಟ್ಟವಳು ನೀಲಕ್ಕ. "ಅರಿವಿ ನೋಡಿ ಒಪ್ಪಿದ್ರ ಅರಿವೀನ ಕಟಗೊಳ್ಳಲಿ. ನನ್ನ ನೋಡಿ ಒಪ್ಪಿದ್ರ ನನಗ ಬರೀಲಿ" ಎಂದಳು. ಆದ್ದರಿಂದ ಉತ್ತರವನ್ನು ಅವಳ ಹೆಸರಿಗೇ ಹಾಕಿ. ಅವಳಿಗೆ ಓದಲು ಚೆನ್ನಾಗಿ ಬರುತ್ತದೆ. ಅಪ್ಪನಿಗಿಂತ ಮೊದಲು ಅಂಚೆಯವನನ್ನು ಹಿಡಿಯುವ ಕೆಲಸವನ್ನೂ ತಾನೇ ವಹಿಸಿಕೊಂಡಿದ್ದಾಳೆ.